ಹಂದಿಮರಿ ಬಡಿದ ಬಾಗಿಲು

ಬೀದಿಯಲ್ಲಿ ಒಂದೇ ಒಂದು ಜಗಲಿಯ ದೀಪವೂ ಉರಿಯುತ್ತಿರಲಿಲ್ಲ.

ಡೆಲ್ಬರ್ಟ್ ಮುಲಿನ್ಸ್ ಬಾಡಿಗೆ ಮನೆಯ ಹಿಂಬಾಗಿಲಿನಿಂದ ಸುತ್ತು ಹಾಕಿ ಹೆಂಡತಿ ಮಕ್ಕಳ ಜೊತೆ ಬೀದಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಅಕ್ಟೋಬರ್ ಮೂವತ್ತೊಂದು, ಹ್ಯಾಲೊವೀನ್ ಸಂಜೆ; ಮಕ್ಕಳು ವೇಷ ಹಾಕಿಕೊಂಡು, ಜಗಲಿಯ ದೀಪ ಉರಿಯುವ ಮನೆಗಳಿಗೆಲ್ಲ ಮಿಠಾಯಿ ಕೇಳಲು ಹೋಗುವ ಹಬ್ಬ. ಏಳು ವರ್ಷದ ಟ್ವಾಯ್ಲಾ ದೆವ್ವವಾಗಿದ್ದಳು: ಹಳೆಯ ಬೆಡ್‌ಶೀಟು, ಅದರಲ್ಲಿ ಕಣ್ಣಿಗೆ ಎರಡು ತೂತು. ನಾಲ್ಕು ವರ್ಷದ ಬೋ ಹಂದಿಮರಿ. ಗುಲಾಬಿ ಬಟ್ಟೆಯ ಅಂಗಿಯನ್ನು ಅವರಮ್ಮ ಓಪಲ್ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ಬಂದ ಮೇಲೆ ಕೂತು ಹೊಲಿದಿದ್ದಳು. ಮೊಟ್ಟೆಯ ರಟ್ಟಿನ ಒಂದು ಗುಳಿ ಕತ್ತರಿಸಿ ದಾರ ಕಟ್ಟಿದ್ದೇ ಮೂಗು. ಇಬ್ಬರ ಕೈಯಲ್ಲೂ ಮಿಠಾಯಿ ತುಂಬಿಸಿಕೊಳ್ಳಲು ದಿಂಬಿನ ಚೀಲ. ಓಪಲ್ ತಾನೂ ಸುದ್ದಿಪತ್ರಿಕೆಯ ಹಾಳೆಯಲ್ಲಿ ಮಾಟಗಾತಿಯ ಟೋಪಿ ಮಾಡಿಕೊಂಡು, ಟಾರ್ಚು ಹಿಡಿದು ಹೊರಟಿದ್ದಳು.

ಮನೆಮನೆಯ ಮೆಟ್ಟಿಲ ಮೇಲೆ ಮುಖ ಕೆತ್ತಿದ ಕುಂಬಳಕಾಯಿಗಳೇನೋ ಹಲ್ಲು ಕಿರಿದುಕೊಂಡು ಕೂತಿದ್ದವು. ಆದರೆ ಯಾವುದರ ಹೊಟ್ಟೆಯಲ್ಲೂ ಮೇಣದಬತ್ತಿ ಹೊತ್ತಿರಲಿಲ್ಲ.

"ಅಪ್ಪಾ, ಎಲ್ಲಾರೂ ಮಲಗಿಬಿಟ್ರಾ?" ಬೋ ಕೇಳಿದ.

"ಈಗಿನ್ನೂ ಕತ್ತಲಾಗಿದೆ ಕಣೋ. ಇಷ್ಟು ಬೇಗ ಯಾರು ಮಲಗ್ತಾರೆ?"

"ನಾನು ಹೇಳಿದ್ದೆ," ಬೆಡ್‌ಶೀಟಿನ ಒಳಗಿಂದ ಟ್ವಾಯ್ಲಾ. "ಇಲ್ಲಿ ಒಂದು ದಿನ ಮೊದಲೇ ಹೋಗೋದಂತೆ. ನನ್ನ ಕ್ಲಾಸಿನ ರೋಸೆಟ್ ಹೇಳಿದ್ಲು."

"ಹೊಸಬಳು ಅಂತ ನಿನ್ನ ಕಿಚಾಯಿಸಿದಾಳೆ ಅಷ್ಟೇ. ಇಡೀ ದೇಶಕ್ಕೆ ಹ್ಯಾಲೊವೀನ್ ಮೂವತ್ತೊಂದಕ್ಕೆ. ಈ ಊರಿಗೊಂದು ಬೇರೆ ಕ್ಯಾಲೆಂಡರ್ ಇದೆಯಾ?"

ಅಪ್ಪನ ದನಿಯಲ್ಲಿದ್ದ ಗಡಸು ತನ್ನ ಮೇಲಿನದಲ್ಲ ಎಂಬುದು ಗೊತ್ತಾಗುವ ವಯಸ್ಸು ಟ್ವಾಯ್ಲಾಳದಲ್ಲ. ಡೆಲ್ಬರ್ಟ್ ಕತ್ತಲ ಜಗಲಿಗಳನ್ನು ನೋಡುತ್ತಿದ್ದ. ಅವುಗಳ ಅರ್ಥ ತನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದ.

ಅವನು ಹುಟ್ಟಿ ಬೆಳೆದ ವೆಸ್ಟ್ ವರ್ಜೀನಿಯಾದ ಕಣಿವೆಯಲ್ಲಿ ಆರಿಸಿದ ದೀಪಕ್ಕೆ ಇದ್ದದ್ದು ಒಂದೇ ಅರ್ಥ. ಕಲ್ಲಿದ್ದಲ ಗಣಿಯಲ್ಲಿ ದೊಡ್ಡ ಮುಷ್ಕರ ನಡೆದ ವರ್ಷ, ಮುಷ್ಕರ ಮುರಿದು ಗೇಟು ದಾಟಿ ಕೆಲಸಕ್ಕೆ ಹೋದವನೊಬ್ಬನ ಮಕ್ಕಳು ಹ್ಯಾಲೊವೀನಿಗೆ ಹೊರಟಾಗ, ಅವರು ಬರುವ ದಾರಿಯ ಮನೆಗಳು ಒಂದೊಂದಾಗಿ ಜಗಲಿಯ ದೀಪ ಆರಿಸಿದ್ದವು. ಯಾರೂ ಕಲ್ಲೆಸೆಯಲಿಲ್ಲ, ಯಾರೂ ಬೈಯಲಿಲ್ಲ. ಬರೀ ದೀಪ. ಆ ಮಕ್ಕಳು ಖಾಲಿ ಚೀಲ ಜೋತಾಡಿಸಿಕೊಂಡು ವಾಪಸು ಹೋದದ್ದನ್ನು ಡೆಲ್ಬರ್ಟ್ ಎಳೆಯ ಹುಡುಗನಾಗಿ ಕಿಟಕಿಯಿಂದ ನೋಡಿದ್ದ. ಹಸಿದ ಜನರ ಬೆನ್ನಿಗೆ ಇರಿದು ಯಜಮಾನನ ತಟ್ಟೆಗೆ ಬಡಿಸುವವನಿಗಿಂತ ಕೀಳು ಮನುಷ್ಯನಿಲ್ಲ ಎಂಬುದನ್ನು ಆ ಕಣಿವೆ ಅವನಿಗೆ ಹಾಲಿನ ಜೊತೆ ಕುಡಿಸಿತ್ತು. ಇವತ್ತಿಗೂ ಅವನು ಅದನ್ನೇ ನಂಬುತ್ತಿದ್ದ. ಆದ್ದರಿಂದಲೇ ಈ ಬೀದಿ ತನ್ನನ್ನು ಹಾಗೆ ಎಣಿಸಿರಬಹುದು ಎಂಬ ಯೋಚನೆ ಅವನಿಗೆ ಕೆಂಡ ನುಂಗಿದಂತಾಗಿತ್ತು.

ಗಣಿಯ ಯಜಮಾನರು ಗುಡ್ಡದ ಹೊಟ್ಟೆ ಬಗೆದು, ಮೂರು ತಲೆಮಾರಿನ ಶ್ವಾಸಕೋಶ ತಿಂದು, ಲಾಭ ಇಳಿದ ದಿನ ಬಾಗಿಲಿಗೆ ಬೀಗ ಜಡಿದು ಹೊರಟುಹೋದರು. ಡೆಲ್ಬರ್ಟ್ ಕೆಲಸ ಹುಡುಕಿಕೊಂಡು ಅಯೋವಾದ ಡೆಮಾಯ್ನ್ ಊರಿಗೆ ಬಂದ. ಹಂದಿ ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಸಾಲಿಗೆ ಆಳು ಬೇಕಾಗಿತ್ತು. ಬೇಸಗೆಯೆಲ್ಲ ಅಲ್ಲಿ ಮುಷ್ಕರ ನಡೆದಿತ್ತು ಎಂದು ಕೇಳಿದ್ದ. ಅದು ಮುಗಿದು ಒಪ್ಪಂದವಾಗಿದೆ ಎಂದು ಎರಡೆರಡು ಸಲ ವಿಚಾರಿಸಿಕೊಂಡೇ ಸೇರಿದ್ದ. ಅವನಿಗೆ ಯಾರೂ ಹೇಳದಿದ್ದ ಸಂಗತಿ ಇನ್ನೊಂದಿತ್ತು. ಒಪ್ಪಂದವಾದ ಮೇಲೂ ಕಂಪನಿ ಎಲ್ಲರನ್ನೂ ವಾಪಸು ತೆಗೆದುಕೊಂಡಿರಲಿಲ್ಲ. ಗೇಟಿನ ಮುಂದೆ ಮೊದಲ ಸಾಲಿನಲ್ಲಿ ನಿಂತವರನ್ನು, ಮೈಕು ಹಿಡಿದವರನ್ನು, ದನಿ ಇದ್ದವರನ್ನು ಆರಿಸಿ ಆರಿಸಿ ಹೊರಗಿಟ್ಟಿತ್ತು. ಮೊದಲ ದಿನ ಡೆಲ್ಬರ್ಟ್ ತನಗೆ ಕೊಟ್ಟ ಲಾಕರಿನ ಬಾಗಿಲು ತೆಗೆದರೆ ಒಳಗೆ ಚೂರಿಯ ತುದಿಯಿಂದ ಗೀಚಿದ ಹೆಸರು: ಸ್ಕಾಲ್ಜೊ. ಅದೇ ವಾರ, ತನ್ನ ಬೀದಿಯ ಮೂಲೆಮನೆಯ ಅಂಚೆಪೆಟ್ಟಿಗೆಯ ಮೇಲೂ ಅದೇ ಹೆಸರು ಕಂಡಿತು.

ಅವತ್ತಿನಿಂದ ಅವನು ಆ ಮನೆಯ ಮುಂದೆ ಹಾಯುವಾಗ ತಲೆ ಎತ್ತಿರಲಿಲ್ಲ. ಕಾರ್ಖಾನೆಯಲ್ಲೂ ಅಷ್ಟೇ, ಮಾಂಸ ಸಾಗಿಸುವ ಸರಪಳಿಯ ಆರ್ಭಟಕ್ಕೆ ಎಲ್ಲರ ಕಿವಿಯಲ್ಲೂ ಬಿರಡೆ, ಅಕ್ಕಪಕ್ಕದವರು ತಲೆಯಾಡಿಸಿದರೆ ಅದೇ ಮಾತು. ಅದು ಬಿರಡೆಯ ಮೌನವೋ ತಿರಸ್ಕಾರದ ಮೌನವೋ ಅವನಿಗೆ ತಿಳಿದಿರಲಿಲ್ಲ. "ಹೋಗಿ ಮಾತಾಡ್ಬಾರ್ದಾ? ಮೂಲೆಮನೆ, ಚಂದ್ರಲೋಕ ಅಲ್ವಲ್ಲ," ಎಂದು ಓಪಲ್ ಎಷ್ಟೋ ಸಲ ಹೇಳಿದ್ದಳು. "ಏನಂತ ಮಾತಾಡ್ಲಿ? ನಿಮ್ಮ ಅನ್ನ ನಾನು ಉಣ್ತಿದ್ದೀನಿ, ರುಚಿಯಾಗಿದೆ ಅಂತಲಾ?" ಎಂದು ಅವನು ಬಾಯಿ ಮುಚ್ಚಿಸಿದ್ದ.

"ನಡೀರಿ, ಒಂದೆರಡು ಮನೆ ನೋಡೇಬಿಡೋಣ," ಓಪಲ್ ಈಗ ಟಾರ್ಚು ಬೀಸಿದಳು. "ನಿನ್ನೆ ಸಂಜೆ ನೀನು ಕೆಲಸಕ್ಕೆ ಹೋಗಿದ್ದಾಗ ಬೀದಿ ತುಂಬಾ ಮಕ್ಕಳ ಗಲಾಟೆ ಕೇಳಿಸ್ತಿತ್ತು, ಹಿಂದುಗಡೆ ಇರೋ ನಮ್ಮ ಬಾಗಿಲಿಗೆ ಮಾತ್ರ ಯಾರೂ ಬರ್ಲಿಲ್ಲ. ಇವತ್ತು ನೋಡಿದ್ರೆ ಸ್ಮಶಾನ ಆಗಿದೆ."

ಮೊದಲ ಮನೆಯಲ್ಲಿ ಕದ ತಟ್ಟಿದರೂ ಯಾರೂ ಬರಲಿಲ್ಲ. ಒಳಗೆ ಟೀವಿಯ ನೀಲಿ ಬೆಳಕು ಕುಣಿಯುತ್ತಿತ್ತು. ಎದುರಿನ ಹಳದಿ ಮನೆಯಲ್ಲಿ ಒಬ್ಬ ಮುದುಕ ಪರದೆ ಸರಿಸಿ, ಮಕ್ಕಳನ್ನು ನೋಡಿ, ಕಿಟಕಿಯನ್ನು ಒಂದು ಗೇಣು ಎತ್ತಿ, "ಮುಗೀತು, ಮುಗೀತು! ಏನೂ ಇಲ್ಲ!" ಎಂದು ಕೂಗಿ ಕಿಟಕಿ ಇಳಿಸಿಬಿಟ್ಟ.

ಮೆಟ್ಟಿಲಿಳಿದು ಬಂದ ಟ್ವಾಯ್ಲಾಳ ಬೆಡ್‌ಶೀಟು ಕಣ್ಣಿನ ತೂತಿನ ಕೆಳಗೆ ಒದ್ದೆಯಾಗತೊಡಗಿತ್ತು. "ನಮ್ಮನ್ನ ಕಂಡ್ರೆ ಯಾಕೆ ಅವ್ರಿಗೆ ಆಗಲ್ಲ ಅಪ್ಪಾ?"

ಡೆಲ್ಬರ್ಟನಿಗೆ ಅಷ್ಟು ಸಾಕಾಯಿತು. "ಮನೆಗೆ ನಡೀರಿ," ಎಂದ. "ಅಮ್ಮ ಪಾಪ್‌ಕಾರ್ನ್ ಹುರೀತಾಳೆ. ನಡೀರಿ ಅಂದ್ನಲ್ಲ."

"ಅಲ್ಲಿ ದೀಪ ಇದೆ!" ಎಂದ ಬೋ.

ಮೂಲೆಮನೆಯ ಜಗಲಿ ಕತ್ತಲಾಗಿಯೇ ಇತ್ತು. ಆದರೆ ಅಡುಗೆಮನೆಯ ಕಿಟಕಿಯಿಂದ ಬೆಳಕು ಹುಲ್ಲಿನ ಮೇಲೆ ಚೆಲ್ಲಿತ್ತು. ಹುರಿದ ಬೆಳ್ಳುಳ್ಳಿಯ ವಾಸನೆ ಬೇರೆ.

"ಅಲ್ಲಿಗೆ ಬೇಡ. ಬೋ, ಅಲ್ಲಿಗಲ್ಲ. ಬೋ!"

ಹಂದಿಮರಿ ಆಗಲೇ ಓಡಿತ್ತು. ಗುಲಾಬಿ ಬಾಲ ಅತ್ತಿತ್ತ ಹಾರಿಸುತ್ತ, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಇನ್ನೊಂದು ಕೈಯಿಂದ ಬಾಗಿಲನ್ನು ದಬದಬ ಬಡಿಯಿತು.

ಬಾಗಿಲು ತೆರೆದ ಹೆಂಗಸು ಅರವತ್ತು ದಾಟಿದವಳು, ದಪ್ಪನೆಯವಳು. ಕೈಯೆಲ್ಲ ಮಸಾಲೆಯ ಕೆಂಪು, ಏಪ್ರನ್ನಿಗೆ ಹಿಟ್ಟು. ಕೆಳಗೆ ನೋಡಿದಳು. ಒಳಗೆ ತಿರುಗಿ ಗಂಟಲು ಕಿತ್ತು ಹೋಗುವಂತೆ ಕೂಗಿದಳು: "ಕಾರ್ಮೈನ್! ನಮ್ಮ ಬಾಗಿಲಿಗೆ ಹಂದಿ ಬಂದಿದೆ ಕಣ್ರೀ!"

"ನಾನು ರಜೆ ಮೇಲಿದ್ದೀನಿ ಅಂತ ಹೇಳು ಅದಕ್ಕೆ!" ಒಳಗಿನಿಂದ ಗಂಡಸಿನ ದನಿ ಬಂತು.

"ಮಿಠಾಯಿ ಕೊಡಿ," ಎಂದ ಬೋ ಚೀಲ ಬಿಡಿಸಿ.

"ಅಯ್ಯೋ ನನ್ನ ಬಂಗಾರ. ಯಾರ ಮಗ ನೀನು? ಅಲ್ಲಿ ಕಂಬದ ಥರ ನಿಂತಿರೋದು ಯಾರಪ್ಪ? ನಿನ್ನ ಹಂದೀನಾ ಇದು?"

ಡೆಲ್ಬರ್ಟ್ ಹುಲ್ಲು ದಾಟಿ ಮೆಟ್ಟಿಲ ಬುಡಕ್ಕೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಕ್ಷಮಿಸಿ ಅಮ್ಮಾ. ಕರ್ಕೊಂಡು ಹೋಗ್ತೀನಿ. ದೀಪ ಆರಿಸಿದ್ದು ನೋಡಿದೆ, ನನಗೆ ಅರ್ಥ ಆಗುತ್ತೆ. ನಮ್ಮ ಕಡೇನೂ ಹಾಗೇ ಮಾಡ್ತೀವಿ. ಆದ್ರೆ ಒಂದು ಮಾತು. ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ. ಈ ಮಕ್ಕಳು ಗೇಟು ದಾಟಿಲ್ಲ. ನಾನೂ ದಾಟಿಲ್ಲ. ದೇವ್ರಾಣೆ ದಾಟಿಲ್ಲ."

ಆ ಹೆಂಗಸು ಅವನನ್ನೂ, ಅವನ ಹಿಂದೆ ಕಾಗದದ ಟೋಪಿಯಲ್ಲಿ ನಿಂತಿದ್ದ ಓಪಲಳನ್ನೂ, ಬಿಕ್ಕುತ್ತಿದ್ದ ದೆವ್ವವನ್ನೂ ಒಂದು ಸುತ್ತು ನೋಡಿದಳು.

"ಯಾವ ಗೇಟು? ಯಾವ ಸಿಟ್ಟು? ಮಗಾ, ಹ್ಯಾಲೊವೀನ್ ನಿನ್ನೇನೇ ಆಯ್ತಲ್ಲೋ!"

ಬೆಡ್‌ಶೀಟಿನ ಬಿಕ್ಕು ನಿಂತಿತು. "ನಾನು ಹೇಳಿದ್ದೆ," ಎಂದಿತು ದೆವ್ವ.

"ಈ ಊರಲ್ಲಿ ಮಕ್ಕಳು ಹೊರಡೋದು ಮೂವತ್ತಕ್ಕೇ," ಹೆಂಗಸು ಕೈ ಒರೆಸಿಕೊಳ್ಳುತ್ತ ಹೇಳಿದಳು. "ಭಿಕ್ಷುಕರ ಸಂಜೆ ಅಂತೀವಿ. ನಾನು ಲಂಗ ಹಾಕ್ಕೊಂಡಿದ್ದಾಗಿಂದ ಹೀಗೇ. ಮೂವತ್ತೊಂದಕ್ಕೆ ಪೋಲಿ ಹುಡುಗರು ಕಿಟಕಿ ಒಡೀತಿದ್ರು, ಅದಕ್ಕೇ ಚಿಕ್ಕವರಿಗೆ ಬೇರೆ ಸಂಜೆ. ನಿಮಗೆ ಯಾರೂ ಹೇಳ್ಲೇ ಇಲ್ವಾ? ನಿನ್ನೆ ಬೀದಿ ತುಂಬಾ ಮಕ್ಕಳು, ಕಿವುಡನಿಗೂ ಕೇಳ್ಬೇಕು!"

ಓಪಲಳಿಗೆ ಮೊದಲು ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು, ಆಗಲಿಲ್ಲ, ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಊರಿಗೊಂದು ಬೇರೆ ಕ್ಯಾಲೆಂಡರ್ ಇದೆಯಾ ಅಂದ್ಯಲ್ಲ ಡೆಲ್! ಇದೆಯಂತೆ ನೋಡು!"

ಡೆಲ್ಬರ್ಟನಿಗೆ ನಗಬೇಕೋ ಭೂಮಿಯೊಳಗೆ ಇಳಿಯಬೇಕೋ ತಿಳಿಯಲಿಲ್ಲ.

"ನನ್ನ ಹೆಸರು ಮೇನಾ," ಎಂದಳು ಹೆಂಗಸು. "ಮಿಠಾಯಿ ಒಂದು ಚೂರೂ ಉಳಿದಿಲ್ಲ. ಆದ್ರೂ ನಮ್ಮ ಬಾಗಿಲಿಂದ ಬರಿಗೈಯಲ್ಲಿ ಯಾರೂ ಹೋಗಲ್ಲ. ಒಂದು ಷರತ್ತು. ಇಲ್ಲಿ ಸುಮ್ನೆ ಕೊಡಲ್ಲ, ಜೋಕ್ ಹೇಳ್ಬೇಕು. ಎಲ್ಲಾ ಮಕ್ಕಳೂ ಹೇಳ್ತಾರೆ. ಎಲ್ಲಿ, ದೆವ್ವದಮ್ಮ, ನೀನು ಶುರು ಮಾಡು."

ಟ್ವಾಯ್ಲಾ ಬೆಡ್‌ಶೀಟು ಎತ್ತಿ ಮೂಗು ಒರೆಸಿಕೊಂಡಳು, ಮತ್ತೆ ಇಳಿಬಿಟ್ಟಳು.

"ಒಂದು ದೆವ್ವ ನಮ್ಮ ಮನೆಗೆ ಬಂದು ಸೇರ್ಕೊಂತು. ಅಪ್ಪ ಹೆದರಿಸಿದ್ರೂ ಹೋಗ್ಲಿಲ್ಲ. ಅಮ್ಮ ಪೊರಕೆ ತಗೊಂಡ್ರೂ ಹೋಗ್ಲಿಲ್ಲ. ಒಂದನೇ ತಾರೀಕು ಮನೆ ಓನರ್ ಬಂದು ಬಾಡಿಗೆ ಕೇಳ್ದ. ಓಡಿಹೋಯ್ತು."

ಒಳಗಿನಿಂದ ದೊಡ್ಡ ನಗೆಯೊಂದು ಸಿಡಿಯಿತು. ಅದರ ಹಿಂದೆಯೇ ಅದರ ಯಜಮಾನ ಬಾಗಿಲಿಗೆ ಬಂದ: ಅಗಲ ಭುಜದ, ನರೆತ ಮೀಸೆಯ, ಬಲಗೈಯ ಕಿರುಬೆರಳಿಲ್ಲದ ಮನುಷ್ಯ. "ಯಾರು ಹೇಳಿದ್ದು ಅದನ್ನ? ಈ ದೆವ್ವಾನಾ? ಇದನ್ನ ಯೂನಿಯನ್ ಸಭೆಗೆ ಕರ್ಕೊಂಡು ಹೋಗ್ಬೇಕು."

ಡೆಲ್ಬರ್ಟ್ ಟೋಪಿಯನ್ನು ಗಟ್ಟಿಯಾಗಿ ಹಿಡಿದ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನ್ನಿಸಿತು.

"ಸ್ಕಾಲ್ಜೊ ಅವರೇ, ನಾನು ಡೆಲ್ಬರ್ಟ್ ಮುಲಿನ್ಸ್. ಮೂಳೆ ಸಾಲಿನಲ್ಲಿ ನಿಮ್ಮ ಜಾಗದಲ್ಲಿ ನಿಂತಿರೋದು ನಾನು. ನಿಮ್ಮ ಲಾಕರ್ ನನ್ನ ಹತ್ರ ಇದೆ."

ಮೇನಾ ಏಪ್ರನ್ನಿನ ಅಂಚು ಹಿಡಿದುಕೊಂಡಳು. ಕಾರ್ಮೈನ್ ಮೀಸೆ ಸವರಿಕೊಂಡ. ಕೊನೆಗೆ ಕೇಳಿದ:

"ಅದರ ಬಾಗಿಲು ಇನ್ನೂ ಸಿಕ್ಕಾಕೊಳ್ಳುತ್ತಾ?"

"ಹೂಂ. ಒದೀಬೇಕು."

"ಕೆಳಗಡೆ ಒದಿ. ಮಧ್ಯಕ್ಕೆ ಒದ್ರೆ ಕಾಲು ನೋಯುತ್ತೆ, ಬಾಗಿಲಿಗೆ ಏನೂ ಆಗಲ್ಲ." ಆಮೇಲೆ ಒಂದು ಮೆಟ್ಟಿಲು ಇಳಿದ. "ಸುಳ್ಳು ಹೇಳಲ್ಲ ನಾನು. ಯಾವನೋ ಬಂದಿದಾನೆ ಅಂತ ಗೊತ್ತಾದ ದಿನ ನಿನ್ನ ವಂಶಾನೆಲ್ಲ ಬೈದೆ. ಇವಳು ರೇಡಿಯೋ ಜೋರು ಮಾಡಿದ್ಲು, ಪಕ್ಕದ ಮನೆಗೆ ಕೇಳ್ಬಾರ್ದು ಅಂತ."

"ಈ ಬೀದಿಗೇ ಕೇಳಿಸ್ತು," ಎಂದಳು ಮೇನಾ.

"ಆಮೇಲೆ ಕಾರ್ಖಾನೆ ಒಳಗಿರೋ ಹುಡುಗರನ್ನ ವಿಚಾರಿಸ್ದೆ. ಒಪ್ಪಂದ ಆದ್ಮೇಲೆ ಬಂದವನು ಅಂದ್ರು. ಮೊದಲನೇ ದಿನಾನೇ ಯೂನಿಯನ್ ಕಾರ್ಡು ಎಲ್ಲಿ ಸಿಗುತ್ತೆ ಅಂತ ಕೇಳಿದವನು ಅಂದ್ರು. ಗೇಟು ದಾಟಿದವನು ಆ ಕಾರ್ಡು ಕೇಳ್ತಾನೇನಯ್ಯಾ? ನನ್ನ ಕೆಲಸ ನೀನು ಕಿತ್ಕೊಂಡಿಲ್ಲ. ಕಂಪನಿ ಕಿತ್ಕೊಂಡು ನಿನ್ನ ಕೈಗೆ ತುರುಕ್ತು. ನಾವಿಬ್ರೂ ಒಂದೇ ಬೀದೀಲಿ ಒಬ್ಬರ ಮುಖ ಒಬ್ಬರು ನೋಡ್ದೆ ಓಡಾಡ್ಲಿ, ಅವರು ಅಲ್ಲಿ ಕೂತು ಕಾಫಿ ಕುಡೀಲಿ. ಅದೇ ಅವರಿಗೆ ಬೇಕಾಗಿದ್ದು. ಇಷ್ಟು ದಿನ ಹಾಗೇ ಆಯ್ತಲ್ಲ. ನಾನೇ ನಿಮ್ಮನೆ ಬಾಗಿಲು ತಟ್ಟಬಹುದಿತ್ತು, ತಟ್ಟಲಿಲ್ಲ."

"ನನ್ನ ಜೋಕು!" ಬೋ ಕಾಲು ನೆಲಕ್ಕೆ ಕುಟ್ಟಿದ. "ನನ್ನ ಜೋಕು ಯಾರೂ ಕೇಳ್ತಿಲ್ಲ!"

"ಹೇಳಪ್ಪ ಹೇಳು."

"ಒಂದು ಹಂದಿ ಇತ್ತು." ಬೋ ಎಲ್ಲರ ಮುಖ ನೋಡಿದ. "ಅದು ನಾನೇ!"

ಇದಕ್ಕಿಂತ ದೊಡ್ಡ ಜೋಕು ಆ ಬೀದಿಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ ಎಂಬಂತೆ ಕಾರ್ಮೈನ್ ಕಂಬಕ್ಕೆ ಒರಗಿ ನಕ್ಕ. ಮೇನಾ ಒಳಗೆ ಹೋಗಿ ಕೈತುಂಬ ತಂದಳು: ಹೂವಿನ ಅಚ್ಚೊತ್ತಿದ ಸಿಹಿ ಬಿಲ್ಲೆಗಳು ಒಂದು ಪೊಟ್ಟಣ, ಮತ್ತೆರಡು ಟೊಮ್ಯಾಟೊ ಸೂಪಿನ ಡಬ್ಬ. ಬಿಲ್ಲೆಗಳನ್ನು ಹಂಚಿ, ಒಂದೊಂದು ಡಬ್ಬವನ್ನು ಒಂದೊಂದು ಚೀಲಕ್ಕೆ ಇಳಿಬಿಟ್ಟಳು. ಭಾರಕ್ಕೆ ಬೋ ಮುಂದಕ್ಕೆ ವಾಲಿದ.

"ಸೂಪಾ?" ಎಂದಳು ಟ್ವಾಯ್ಲಾ. ಅವಳ ಇಡೀ ಹ್ಯಾಲೊವೀನ್ ಬದುಕಿನಲ್ಲಿ ಯಾರೂ ಅವಳಿಗೆ ಸೂಪು ಕೊಟ್ಟಿರಲಿಲ್ಲ.

ಡೆಲ್ಬರ್ಟ್ ಬಗ್ಗಿ ಮಗಳ ಚೀಲದಿಂದ ಡಬ್ಬ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಮೇಲೆ ಅಂಟಿಸಿದ್ದ ಬಿಳಿ ಚೀಟಿಯಲ್ಲಿ ನೀಲಿ ಮೊಹರು ಇತ್ತು: ಮುಷ್ಕರದ ಅಡುಗೆಮನೆ, ಮಾರುವಂತಿಲ್ಲ.

ಅವನ ಕಣಿವೆಯಲ್ಲೂ ಇಂಥ ಡಬ್ಬಗಳಿದ್ದವು. ಬೇರೆ ಊರುಗಳ ಕಾರ್ಮಿಕರು, ತಮಗೇ ಸಾಲದವರು, ಲಾರಿಯಲ್ಲಿ ಕಳಿಸಿಕೊಟ್ಟ ಬೇಳೆ, ಹಿಟ್ಟು, ಸೂಪು. ಅವನ ತಾಯಿ ಅವನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸುವಾಗ ಲೇಬಲ್ಲು ಮುಂದೆ ಬರುವಂತೆ ತಿರುಗಿಸುತ್ತಿದ್ದಳು. ಕೈಯಲ್ಲಿ ಕಾಸಿದ್ದವನಿಗೂ ಅದು ಸಿಗುತ್ತಿರಲಿಲ್ಲ. ಪೊಲೀಸರಿಗೆ, ಪಾದ್ರಿಗೆ, ಯಾರಿಗೂ ಕೊಡುತ್ತಿರಲಿಲ್ಲ. ಅದು ಜೊತೆಗೆ ನಿಂತವರ ಮನೆಯ ಅನ್ನ. ಗೇಟು ದಾಟಿದವನ ಮಗುವಿಗೆ ಅದರ ಒಂದು ಚಮಚವನ್ನೂ ಯಾವ ತಾಯಿಯೂ ಬಡಿಸಿರಲಿಲ್ಲ.

ಡೆಲ್ಬರ್ಟ್ ಡಬ್ಬವನ್ನು ಎದೆಗೆ ಒತ್ತಿಕೊಂಡು ನಿಂತ.

"ಅಲ್ಲ, ಮತ್ತೆ ಆ ಹಳದಿ ಮನೆಯವರು ಮುಗೀತು ಅಂದ್ರಲ್ಲ?" ಓಪಲ್ ನಡುವೆ ಬಾಯಿ ಹಾಕಿದಳು, ಗಂಡನಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗಲೆಂದು.

"ಯಾರು, ಆರ್ವೆಲ್ಲಾ?" ಮೇನಾ ಜಗಲಿಯ ತುದಿಗೆ ಹೋಗಿ ನಿಂತಳು. "ಆರ್ವೆಲ್! ಏ ಆರ್ವೆಲ್! ಹಸುಗೂಸಿಗೆ ಮುಗೀತು ಅಂದ್ಯಂತಲ್ಲ, ನಾಚಿಕೆ ಆಗಲ್ವಾ ನಿನಗೆ?"

ಹಳದಿ ಮನೆಯ ಕಿಟಕಿ ಮೇಲೆ ಹೋಯಿತು. "ಮುಗೀತು ಅಂದ್ರೆ ಮಿಠಾಯಿ ಮುಗೀತು ಅಂತ ಕಣೇ ಮಾರಾಯ್ತಿ! ನಿನ್ನೆ ಹಬ್ಬ, ಇವತ್ತು ಬಂದ್ರೆ ನಾನೇನು ಕೊಡ್ಲಿ?"

"ಏನಿದೆಯೋ ಅದನ್ನ ತಗೊಂಡು ಬಾ! ಹೊಸಬರು, ಕಾರ್ಖಾನೆಯವರು! ನಮ್ಮವರು!"

ಆರ್ವೆಲ್ ರಾತ್ರಿ ಅಂಗಿಯ ಮೇಲೆ ಕೋಟು ಹಾಕಿಕೊಂಡು ಗೊಣಗುತ್ತ ಬಂದ, ಒಂದು ಬಾಟಲಿ ಬೀಟ್ರೂಟ್ ಉಪ್ಪಿನಕಾಯಿ ಹಿಡಿದು. ಆ ಕೂಗಿಗೆ ಪಕ್ಕದ ಮನೆಯ ತಾಯಿಯೊಬ್ಬಳು ಬಾಗಿಲು ತೆಗೆದಳು. ಅವಳ ಮಗಳು ನಿನ್ನೆ ತನಗೆ ಸಿಕ್ಕಿದ್ದ ಮಿಠಾಯಿಯಿಂದ ತನಗೆ ಇಷ್ಟವಿಲ್ಲದವನ್ನೆಲ್ಲ ಧಾರಾಳವಾಗಿ ಆರಿಸಿ ತಂದಳು. ಇನ್ನೊಬ್ಬ ಮೂರು ಸೇಬು ತಂದ. ಬಂದವರೆಲ್ಲರಿಗೂ ಟ್ವಾಯ್ಲಾ ಅದೇ ಬಾಡಿಗೆಯ ಜೋಕನ್ನು ಹೇಳಿದಳು, ಹೇಳಿದಷ್ಟೂ ದೆವ್ವ ಹೆಚ್ಚು ವೇಗವಾಗಿ ಓಡಿತು. ಅವಳು ಉಪ್ಪಿನಕಾಯಿಯನ್ನೂ ಚೀಲಕ್ಕೆ ಹಾಕಿಸಿಕೊಂಡಳು. ಈ ಊರಿನ ಪದ್ಧತಿಯೇ ಹೀಗಿರಬೇಕು ಎಂದು ಅವಳು ಒಪ್ಪಿಕೊಂಡಾಗಿತ್ತು.

"ಸೋಮವಾರ ಪಾಳಿ ಬದಲಾಗೋ ಹೊತ್ತಿಗೆ ಗೇಟಿನ ಹತ್ರ ಕರಪತ್ರ ಹಂಚ್ತೀವಿ," ಕಾರ್ಮೈನ್ ಡೆಲ್ಬರ್ಟನ ಪಕ್ಕಕ್ಕೆ ಬಂದು ಹೇಳಿದ. "ಹೊರಗಿಟ್ಟವರನ್ನ ವಾಪಸು ತಗೋಬೇಕು ಅಂತ. ಒಳಗಿರೋರು ಒಬ್ಬಿಬ್ರು ಜೊತೆಗೆ ನಿಂತ್ರೆ ತೂಕ ಬೇರೆ. ಆದ್ರೆ ಸೂಪರ್‌ವೈಸರ್ ಕಿಟಕಿಯಿಂದ ನೋಡ್ತಿರ್ತಾನೆ. ನೀನು ಹೊಸಬ, ಮಕ್ಕಳೊಂದಿಗ. ಬರ್ಲಿಲ್ಲ ಅಂದ್ರೆ ನಾನೇನೂ ಅಂದ್ಕೊಳ್ಳಲ್ಲ. ಸೂಪು ವಾಪಸು ಕೇಳಲ್ಲ."

ಡೆಲ್ಬರ್ಟ್ ಓಪಲಳನ್ನು ನೋಡಿದ. ಅವಳು ಟೋಪಿ ಸರಿಮಾಡಿಕೊಂಡಳು. "ನನ್ನನ್ಯಾಕೆ ನೋಡ್ತೀಯ? ಎಷ್ಟು ಹೊತ್ತಿಗೆ ಅಂತ ಅವರನ್ನ ಕೇಳು."

"ನೀವು ಕೈಗೆ ಕೊಟ್ಟರೆ ಕಾರ್ಖಾನೆಯ ಊಟದ ಕೋಣೆಯಲ್ಲೂ ಹಂಚ್ತೀನಿ," ಎಂದ ಡೆಲ್ಬರ್ಟ್. ಆರು ವಾರದಿಂದ ನೆಲ ನೋಡಿ ನಡೆದ ಮನುಷ್ಯ ಈಗ ಕಾರ್ಮೈನನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದ. "ಥ್ಯಾಂಕ್ಸ್ ಅನ್ನೋದು ಸಾಲಲ್ಲ. ಆದ್ರೂ ಹೇಳ್ತೀನಿ. ನನ್ನ ಮಕ್ಕಳ ಚೀಲಕ್ಕೆ ಅದನ್ನ ಹಾಕಿದ್ದಕ್ಕೆ."

"ಥ್ಯಾಂಕ್ಸ್ ಎಲ್ಲಾ ಇಲ್ಲಿ ನಡೆಯಲ್ಲ," ಮೇನಾ ಬಾಗಿಲಲ್ಲಿ ಅಡ್ಡ ನಿಂತಳು. "ಒಳಗೆ ಸಾಸೇಜು, ಮೆಣಸಿನಕಾಯಿ ಬೇಯ್ತಿದೆ, ಎಲ್ಲರಿಗೂ ಆಗೋಷ್ಟಿದೆ. ಆದ್ರೆ ಜೋಕ್ ಹೇಳದವರಿಗೆ ತಟ್ಟೆ ಇಲ್ಲ. ಹೇಳಪ್ಪ ಕಂಬದ ರಾಯ."

"ಅಪ್ಪಂಗೆ ಜೋಕೇ ಬರಲ್ಲ," ಎಂದಳು ಟ್ವಾಯ್ಲಾ.

"ಯಾಕೆ ಬರಲ್ಲ?" ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡ. "ನಮ್ಮೂರಲ್ಲಿ ಗಣಿ ಮ್ಯಾನೇಜರ್ ಸತ್ತು ದೆವ್ವ ಆದ. ಮೊದಲನೇ ರಾತ್ರಿನೇ ನಮ್ಮಪ್ಪನ ಮನೆ ಬಾಗಿಲು ತಟ್ಟಿದ. ನಮ್ಮಪ್ಪ ನಡುಗ್ತಾ ತೆಗೆದ್ರು. 'ಹೆದರಬೇಡವೋ ಮುಲಿನ್ಸ್,' ಅಂದ ಮ್ಯಾನೇಜರ್. 'ಇವತ್ತು ಊರನ್ನೆಲ್ಲ ಹೆದರಿಸೋ ಕೆಲಸ ಇದೆ. ನನಗೆ ಸುಸ್ತು. ನೀನು ಹೋಗಿ ಹೆದರಿಸ್ಕೊಂಡು ಬಾ, ಹಾಜರಿ ನನ್ನ ಹೆಸರಲ್ಲಿ ಹಾಕು.'"

ಆರ್ವೆಲ್ ಕೆಮ್ಮುವಷ್ಟು ನಕ್ಕ. ಕಾರ್ಮೈನ್ ನಗಲಿಲ್ಲ, ತಲೆಯಾಡಿಸಿ, "ನಮ್ಮ ಮ್ಯಾನೇಜರ್ ಬದುಕಿರುವಾಗ್ಲೇ ಹಾಗೆ ಮಾಡ್ತಾನೆ," ಎಂದ. ಆಗ ನಕ್ಕವನು ಡೆಲ್ಬರ್ಟ್. ಎಷ್ಟೋ ತಿಂಗಳಿಂದ ಮನೆಯವರು ಕೇಳದಿದ್ದ ಆ ನಗೆಗೆ ಬೋ ಗಾಬರಿಯಾಗಿ ಅಪ್ಪನ ಮುಖ ನೋಡಿದ, ಆಮೇಲೆ ತಾನೂ ನಕ್ಕ.

ಮೇನಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಕಾರ್ಮೈನ್ ಒಳಗೆ ಹೋಗಿ ಮೇಜಿನ ಸುತ್ತ ಇನ್ನೂ ನಾಲ್ಕು ಕುರ್ಚಿ ಎಳೆಯುವ ಸದ್ದು ಕೇಳಿತು. ಡೆಲ್ಬರ್ಟ್ ಹಂದಿಮರಿಯನ್ನು ಎತ್ತಿಕೊಂಡು, ದೆವ್ವದ ಕೈ ಹಿಡಿದು, ಆ ಮನೆಯ ಒಳಗೆ ಹೋದ.